ತಡವಾಗಿ ಕೊಟ್ಟ ಒಂದು ಮುಚ್ಚಳ ರಮ್

ಮಾರಿಷಸ್‌ನಲ್ಲೂ ಕಾರು ರಸ್ತೆಯ ಎಡಕ್ಕೇ ಓಡುತ್ತದೆ. ಹಾಗಾಗಿ ಮಗಳು ಬಾಡಿಗೆ ಕಾರನ್ನು ರಾಜಧಾನಿಯ ನಮ್ಮ ದ್ವಾರಕಾ ಬಡಾವಣೆಯಲ್ಲಿ ಓಡಿಸುವಷ್ಟೇ ಸಲೀಸಾಗಿ ಓಡಿಸುತ್ತಿದ್ದಳು. ನನ್ನವರು ಹೋಗಿ ಹತ್ತು ತಿಂಗಳಾಗಿತ್ತು. ಫ್ಲ್ಯಾಟಿನಲ್ಲಿ ಪರದೆ ಕೂಡ ಸರಿಸದೆ ಕೂತಿರುತ್ತಿದ್ದ ನನ್ನನ್ನು ಅವಳೇ ಹಟ ಮಾಡಿ ಕರೆತಂದಿದ್ದಳು.

ಬೆಳಿಗ್ಗೆ ಮೊದಲು ನೋಡಿದ್ದು ಆರಿಹೋದ ಜ್ವಾಲಾಮುಖಿಯ ಬಾಯಿ. ಒಳಗೆಲ್ಲ ಮರಗಳು, ತಳದಲ್ಲಿ ಒಂದಿಷ್ಟು ಕೆಸರು ನೀರು. ಅಂಚಿನ ಸುತ್ತ ಟ್ರ್ಯಾಕ್‌ಸೂಟಿನ ಮುದುಕರು ವಾಕಿಂಗ್ ಮಾಡುತ್ತಿದ್ದರು.

"ಅಮ್ಮಾ, ನಮ್ಮ ಸೊಸೈಟಿ ಪಾರ್ಕ್ ತರಾನೇ ಇದೆ ನಾ?" ಎಂದಳು ಮಗಳು. ನಕ್ಕೆ.

ಅಲ್ಲಿಂದ ದಕ್ಷಿಣಕ್ಕೆ ಹೊರಟೆವು. ಕಬ್ಬಿನ ಗದ್ದೆಗಳ ನಡುವೆ ಆಳೆತ್ತರದ ಕರಿಕಲ್ಲಿನ ರಾಶಿಗಳು. ಲಾವಾ ಹರಿದು ಗಟ್ಟಿಯಾದ ನೆಲವಂತೆ. ಯಾರೋ ಒಂದೊಂದೇ ಕಲ್ಲು ಹೊತ್ತು ಹಾಕಿ ಗದ್ದೆ ಮಾಡಿಕೊಂಡಿದ್ದಾರೆ. ದಾರಿಯಲ್ಲೊಂದು ಅಂಗಡಿ ಕಂಡಾಗ ನಿಲ್ಲಿಸು ಎಂದೆ. ಒಳಗೆ ಹೋಗಿ ಚಿಕ್ಕದೊಂದು ರಮ್ ಬಾಟಲಿ ತಂದೆ.

"ನಿಂಗಾ? ರಮ್ಮಾ? ಸಚ್ಚೀ?"

"ನಿಮ್ಮಪ್ಪಂಗೆ," ಎಂದೆ. ಅವಳು ಕಾರು ಹೊರಡಿಸಿದಳು.

ನಾವು ಕೊಡಗಿನವರು. ತೀರಿಕೊಂಡವರಿಗೆ ಅವರಿಷ್ಟದ ಊಟ, ಕುಡಿತ ಎಡೆಯಿಡುವುದು ನಮ್ಮಲ್ಲಿ ರೂಢಿ. ಊರಿನಲ್ಲಿ ಮೈದುನ ಎಲ್ಲ ಇಟ್ಟಿದ್ದ. ನಾನು ಇಟ್ಟಿರಲಿಲ್ಲ. ಹೃದಯದ ಡಾಕ್ಟರು ಒಂದು ತೊಟ್ಟೂ ಕೂಡದು ಎಂದ ಮೇಲೆ ಬಾಟಲಿಗಳಿದ್ದ ಅಲ್ಮೇರಾದ ಬೀಗದ ಕೈ ನನ್ನ ಹತ್ತಿರವೇ ಇತ್ತು. ಆಮೇಲೆ ಅವರು ಬದುಕಿದ್ದ ನಾಲ್ಕು ತಿಂಗಳು, ಪ್ರತಿ ಸಂಜೆ, ಫೌಜಿನಲ್ಲಿ ಅಷ್ಟು ಜನರಿಗೆ ಹುಕುಂ ಕೊಟ್ಟಿದ್ದ ಮನುಷ್ಯ ನನ್ನ ಮುಂದೆ ಬಂದು ನಿಲ್ಲುತ್ತಿದ್ದರು.

"ಮದರ್ ಸುಪೀರಿಯರ್, ಒಂದೇ ಒಂದು ಮುಚ್ಚಳ."

ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಓದಿದವಳೆಂದು ಮದುವೆಯಾದಾಗಿನಿಂದ ಅದೇ ಚೇಷ್ಟೆ. "ಆಗಲ್ಲ ಅಂದ್ರೆ ಆಗಲ್ಲ" ಎನ್ನುತ್ತಿದ್ದೆ. ಕೊನೆಯ ಸಂಜೆಯೂ ಹಾಗೇ ಅಂದೆ.

ರಸ್ತೆ ಸಮುದ್ರಕ್ಕೆ ಬಂದು ಮುಗಿಯಿತು. ನೀರುದೋಸೆಯಂತೆ ಮೈಯೆಲ್ಲ ತೂತಾದ ಕಪ್ಪು ಬಂಡೆಗಳು. ಒಂದರ ಮೇಲೆ ಕೂತು ಮುಚ್ಚಳದ ತುಂಬ ರಮ್ ಹಾಕಿದೆ. ಎಡೆಯಿಡುವಾಗ ಹಿರಿಯರು ಹೇಳುವ ಮಾತುಗಳು ನನಗೆ ಬರುವುದಿಲ್ಲ. "ತಗೊಳ್ಳಿ" ಎಂದಷ್ಟೇ ಹೇಳಿ ಬಂಡೆಗೆ ಸುರಿದೆ. ತೂತುಗಳಲ್ಲಿ ಇಳಿದು ಹೋಯಿತು.

ಪಕ್ಕದಲ್ಲಿ ನಿಂತಿದ್ದ ಮಗಳು ಅಳುತ್ತಿದ್ದಳು. "ಅಮ್ಮಾ, ಬೈಬೇಡ. ನಾನ್ ಕೊಡ್ತಿದ್ದೆ ಪಪ್ಪಂಗೆ. ಸಂಡೇ ಬೆಳಿಗ್ಗೆ ನೀನು ಸಬ್ಜಿ ತರಕ್ಕೆ ಹೋದಾಗ. ಬಾಟಲಿ ನನ್ನ ಬ್ಯಾಗಲ್ಲಿ ಇರ್ತಿತ್ತು. ಬಸ್, ಒಂದೇ ಮುಚ್ಚಳ, ಅಷ್ಟೇ. ಅಮ್ಮಂಗೆ ಹೇಳ್ಬೇಡ ಅಂದಿದ್ರು."

ಸಿಟ್ಟು ಬರಲಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎಂದು ಒಂದು ಗಳಿಗೆ ಹಗುರವೂ ಆಯಿತು. ಆಮೇಲೆ ಹೊಳೆಯಿತು: ಭಾನುವಾರ ಸಂಜೆಯೂ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಕೇಳುತ್ತಿದ್ದರು. ಬೆಳಿಗ್ಗೆಯೇ ಸಿಕ್ಕಿದ್ದರೂ, ನನ್ನ ಕೈಯಿಂದಲೂ ಒಂದು ಸಿಗಲಿ ಎಂದು ಕೇಳುತ್ತಿದ್ದರು.

"ಚಲೋ ಅಮ್ಮಾ, ಹೋಗೋಣ, ಬಿಸಿಲು," ಎಂದು ಮಗಳು ಕೈ ಚಾಚಿದಳು. ನನಗೆ ಏಳಲಾಗಲಿಲ್ಲ.