ಗೇಟಿನೆದುರು ಢೋಲು

ಗಂಡ ತೀರಿಕೊಂಡ ಮೇಲಿನ ಆ ಬೇಸಿಗೆ ನನಗೆ ಸರಿಯಾಗಿ ನೆನಪಿಲ್ಲ. ಏಳುತ್ತಿದ್ದೆ, ಮಲಗುತ್ತಿದ್ದೆ, ಅಷ್ಟೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಹಳೆಯ ಮನೆಯಲ್ಲಿ ಮೇಲೆ ನಾವು, ಕೆಳಗಿನ ಎರಡು ಖೋಲಿಗಳಲ್ಲಿ ಬಾಡಿಗೆಯವರು. ಉಡುಪಿಯಿಂದ ಬಂದು, ಹೋಟೆಲಿನ ಗಲ್ಲಾದಲ್ಲಿ ಕೂತು ಉಳಿಸಿದ ದುಡ್ಡಿನಲ್ಲಿ ನನ್ನ ಗಂಡ ಕೊಂಡಿದ್ದ ಮನೆ. ಅವರು ಕಾಯಿಲೆ ಬಿದ್ದ ಮೇಲೆ ಬಂದದ್ದೆಲ್ಲ ಆಸ್ಪತ್ರೆಗೆ ಹೋಯಿತು. ಮಹಾನಗರಪಾಲಿಕೆಯ ನೀರಿನ ಬಿಲ್ಲು ಹಾಗೇ ಉಳಿಯಿತು. ಗೇಟಿಗೆ ಅಂಟಿಸಿದ್ದ ನೋಟೀಸನ್ನು ದಿನವೂ ನೋಡುತ್ತಿದ್ದೆ, ಓದುತ್ತಿರಲಿಲ್ಲ.

ಒಂದು ಬೆಳಿಗ್ಗೆ ಢೋಲು ಕೇಳಿಸಿತು. ಯಾರದೋ ಮದುವೆಯಿರಬೇಕೆಂದು ಕಸ ಗುಡಿಸುತ್ತಲೇ ಇದ್ದೆ. ಸದ್ದು ಮುಂದೆ ಹೋಗಲಿಲ್ಲ. ಇಳಿದು ನೋಡಿದರೆ ನಮ್ಮ ಗೇಟಿನೆದುರೇ ಇಬ್ಬರು ಢೋಲಿನವರು, ವಾರ್ಡ್ ಆಫೀಸಿನ ವಸೂಲಿ ಸಾಹೇಬ, ನಲ್ಲಿ ಬಿಚ್ಚುವ ಪಾನಾ ಹಿಡಿದ ಪ್ಲಂಬರ್. ಬಾಕಿ ಉಳಿಸಿಕೊಂಡವರ ಮನೆಯೆದುರು ಢೋಲು ಬಾರಿಸಿ ನಾಚಿಸುವುದು ಆ ವರ್ಷ ಶುರುವಾಗಿತ್ತು. ಎದುರಿನ ಬಿಲ್ಡಿಂಗಿನ ಗ್ಯಾಲರಿಗಳಲ್ಲಿ ಜನ ನಿಂತಿದ್ದರು.

“ಮಾಲಕ್ ಕುಠೇ ಆಹೇತ್?” ಯಜಮಾನರು ಎಲ್ಲಿ ಎಂದು ಸಾಹೇಬ ಕೇಳಿದ.

ತೀರಿಕೊಂಡರು ಎಂದೆ. ಢೋಲಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. “ಕಾಯ್?” ಏನು ಎಂದು ಕಿವಿ ಮುಂದೆ ತಂದ. ಆ ಮಾತನ್ನು ಮತ್ತೊಮ್ಮೆ, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು. ನನ್ನ ದನಿ ಬೇರೆ ಯಾರದೋ ಎಂಬಂತೆ ನಾನೇ ಕೇಳಿಸಿಕೊಂಡೆ.

ಕೆಳಗಿನ ಖೋಲಿಯ ಕಲಬುರಗಿ ಕಡೆಯ ಹೆಂಗಸು ಗಾರೆ ಕೆಲಸಕ್ಕೆ ಹೊರಟಿದ್ದವಳು, ಬುತ್ತಿ ಕೆಳಗಿಟ್ಟು ಬಂದಳು. ಸಿಟ್ಟಿಗೆ ಅವಳ ಬಾಯಲ್ಲಿ ಕನ್ನಡವೇ ಬಂತು.

“ಏ, ಸಾವಾದ ಮನಿ ಮುಂದ ಢೋಲ ಬಡೀತೀರೇನು? ನಾಚ್ಕಿ ಬರಂಗಿಲ್ಲೇನ್ ನಿಮಗ?”

ಢೋಲಿನವರಲ್ಲಿ ಹಿರಿಯವನ ಕೈ ನಿಂತಿತು. ಅವನು ವಿಜಯಪುರದ ಕಡೆಯವನಂತೆ. “ನಮಗ ಯಾರೂ ಹೇಳಿಲ್ಲ ಯಕ್ಕಾ,” ಎಂದು ಢೋಲನ್ನು ಕೊರಳಿಂದ ಇಳಿಸಿದ. ಮೇಲಿನವರಿಗೆ ಫೋಟೋ ಕಳಿಸಬೇಕು, ಬಾರಿಸು ಎಂದು ಸಾಹೇಬ ಹಿಂದಿಯಲ್ಲಿ ಗದರಿದ. ಢೋಲಿನವನು ಕದಲಲಿಲ್ಲ. ನನ್ನ ಕಡೆ ತಿರುಗಿ, “ತಪ್ಪ ತಿಳೀಬ್ಯಾಡ್ರಿ ಅವ್ವಾ,” ಎಂದ. ನಾನು ತಲೆಯಾಡಿಸಿದೆ. ನನಗೆ ಸಿಟ್ಟೇ ಬಂದಿರಲಿಲ್ಲ.

ನೀರಿನ ಕನೆಕ್ಷನ್ ಮಾತ್ರ ತೆಗೆದೇ ಹೋದರು. ಹೋಗುವಾಗ ಸಾಹೇಬ ದನಿ ತಗ್ಗಿಸಿ, ಆಫೀಸಿಗೆ ಬಂದರೆ ಬಾಕಿಗೆ ಕಂತು ಮಾಡಿಸಿಕೊಡುತ್ತೇನೆ ಎಂದ. ಮರುದಿನ ಕೆಳಗಿನ ಖೋಲಿಯವಳೇ ದಿನಗೂಲಿ ಬಿಟ್ಟು ನನ್ನ ಜೊತೆ ರಿಕ್ಷಾ ಹತ್ತಿದಳು. ಗಂಡನ ವಿಮೆಯ ಹಣದಲ್ಲಿ ಮೊದಲ ಕಂತು ಕಟ್ಟಿದೆ. ಮತ್ತೆ ಜೋಡಿಸುವವರೆಗೆ ಪಕ್ಕದ ಬಿಲ್ಡಿಂಗಿನಿಂದ ತಾನು ನೀರು ತರುವಾಗಲೆಲ್ಲ ನನ್ನ ಮೆಟ್ಟಿಲ ಮೇಲೂ ಒಂದು ಕೊಡ ಇಟ್ಟು ಹೋಗುತ್ತಿದ್ದಳು.

“ಬಂತ್ರೀ ಅಮ್ಮಾರ, ನೀರ್ ಬಂತ್ರೀ!” ಎಂದು ಒಂದು ಬೆಳಿಗ್ಗೆ ಕೆಳಗಿನಿಂದ ಕೂಗಿದಳು. ಡ್ರಮ್ಮು ತುಂಬಿಸಿದೆ. ಕಾಯಿಲೆಯಲ್ಲಿ ಅವರು ಹೊದೆಯುತ್ತಿದ್ದ ಚಾದರ ಒಗೆಯದೆ ಮೂಲೆಯಲ್ಲಿತ್ತು. ಅದನ್ನು ನೆನೆಹಾಕಿ, ಸಾಬೂನು ಹಚ್ಚಿ ತಿಕ್ಕಿ, ಗ್ಯಾಲರಿಯಲ್ಲಿ ಹರವಿದೆ. ನೀರು ತೊಟ್ಟಿಕ್ಕುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಒಳಗೆ ಹೋಗಿ ಅನ್ನಕ್ಕಿಟ್ಟೆ.