ನುಂಗಿದ ಏಟು

ಯುರೋಪಿನ ಹಳೆಯ ಕತ್ತಿವರಸೆ ಕಲಿಸುವ ಆ ಕ್ಲಬ್ಬು ನಡೆಯುತ್ತಿದ್ದುದು ಒಂದು ಕಾಗದದ ಗೋದಾಮಿನ ಹಿಂಭಾಗದಲ್ಲಿ. ಕಲಿಸುವವರು ಇಬ್ಬರು. ಒಬ್ಬಳು ಸಿಟಿ ಬಸ್ಸಿನ ಡ್ರೈವರ್. ಎಲ್ಲರ ಬಾಯಲ್ಲೂ ಡ್ರೈವರಕ್ಕ. ಇನ್ನೊಬ್ಬರು ಅವಳ ಅಕ್ಕನ ಗಂಡ, ಬೇಕರಿಯ ಒಲೆಯ ಮುಂದೆ ಕೂದಲು ನರೆಸಿಕೊಂಡವರು. ಕ್ಲಬ್ಬು ಕಟ್ಟಿದವರೂ ಅವಳ ಕೈಗೆ ಮೊದಲ ಕತ್ತಿ ಕೊಟ್ಟವರೂ ಅವರೇ.

ಅಲ್ಲಿ ತೀರ್ಪುಗಾರರಿರಲಿಲ್ಲ. ಏಟು ತಿಂದವರೇ ಕೈಯೆತ್ತಿ ‘ಬಿತ್ತು’ ಅನ್ನಬೇಕು. ಹೊಡೆದವರು ತುಟಿ ಬಿಚ್ಚುವಂತಿಲ್ಲ. ಬಿದ್ದ ಏಟು ನುಂಗಿ ಸುಮ್ಮನಾದವರು ಮತ್ತೆ ಆ ಬಾಗಿಲು ತುಳಿಯುವಂತಿಲ್ಲ. ನಿಯಮ ಮಾಡಿದವರು ಭಾವ.

ಈಗ ಅದು ಅವರ ಕುತ್ತಿಗೆಗೇ ಬಂದಿತ್ತು. ಮೇಷ್ಟ್ರು ಏಟು ನುಂಗುತ್ತಾರೆ ಎಂಬ ಗುಸುಗುಸು ಎದ್ದಿತ್ತು. ಕಲಿಯಲು ಬರುತ್ತಿದ್ದ ಪ್ಲಂಬರ್ ಒಮ್ಮೆ ಎಲ್ಲರೆದುರು ಕೇಳಿಯೇಬಿಟ್ಟ. ಭಾವ ಸಿಟ್ಟಾಗದೆ ಡ್ರೈವರಕ್ಕನ ಕಡೆ ಕೈ ತೋರಿಸಿದರು.

“ಭಾನುವಾರ ಇವಳ ಜೊತೆ ಆಡ್ತೀನಿ, ನೀವೇ ನೋಡಿ. ನುಂಗಿದ್ರೆ ಕ್ಲಬ್ಬಿನ ಕೀ ಇಟ್ಟು ಹೋಗ್ತೀನಿ.”

ಆಟಕ್ಕೆ ಮೊದಲು ಎದುರಾಳಿಯ ಮುಖವಾಡ, ಕೈಗವಸುಗಳನ್ನು ಹೊಡೆಯುವವರೇ ನೋಡಿ ಬಿಗಿಯಬೇಕು. ಭಾನುವಾರ ಡ್ರೈವರಕ್ಕ ಭಾವನ ಎಡಗೈ ಹಿಡಿದಾಗ ಮಣಿಕಟ್ಟಿನ ಬಳಿ ಹಸಿ ಸುಟ್ಟಗಾಯ ಕಂಡಿತು.

“ಭಾವ, ಇದೇನು?”

“ಯಾವುದು?” ಅವರು ಕೈ ತಿರುಗಿಸಿ ನೋಡಿದರು. “ಓ, ಒಲೆ ತಾಗಿರ್ಬೇಕು. ಬಿಗಿಯಮ್ಮ, ಮಾತಲ್ಲೇ ನನ್ನ ಸುಸ್ತು ಮಾಡ್ಬೇಡ.”

ಅವಳು ಬಿಗಿದಳು. ಗವಸಿನ ಪಟ್ಟಿ ಗಾಯದ ಮೇಲೆಯೇ ಕೂತಿತು. ಅವರ ಹುಬ್ಬೂ ಅಲುಗಲಿಲ್ಲ.

ಅವಳ ಮೊದಲ ಏಟು ಮುಖವಾಡಕ್ಕೆ ಠಣ್ಣೆಂದು ಬಿತ್ತು. “ಬಿತ್ತು,” ಎಂದರು ಭಾವ. ಅವರದೊಂದು ಅವಳ ಭುಜಕ್ಕೆ ಬಿತ್ತು, ಅವಳು ಕೈಯೆತ್ತಿದಳು. ಮುಂದಿನದು ಅವರ ಎಡ ಮುಂಗೈಗೆ. ಅಂಗಿಯ ದಪ್ಪ ತೋಳಿನ ಮೇಲೆ ಸದ್ದಾಗಲಿಲ್ಲ, ಆದರೆ ಅದುರು ಅವಳ ಅಂಗೈವರೆಗೆ ಬಂತು. ಭಾವ ಕೈಯೆತ್ತಲಿಲ್ಲ. ಮುನ್ನುಗ್ಗಿದರು.

ಗೋಡೆಗೊರಗಿದ್ದ ಪ್ಲಂಬರ್ ಲೊಚಗುಟ್ಟಿದ.

ಅವಳು ಅಲ್ಲಿಗೇ ಇನ್ನೊಂದು ಹಾಕಿದಳು, ಬಲವಾಗಿ. ಆಗಲೂ ಅವರ ಕೈ ಏಳಲಿಲ್ಲ. ಇವರೂ ಹೀಗೇನಾ? ಮರುಕ್ಷಣವೇ ಆ ಗಾಯ ಕಣ್ಣೆದುರು ಬಂತು. ನೋಡಿದ ಮೇಲಲ್ಲವೇ ಅದು ಅವರಿಗೆ ಗೊತ್ತಾದದ್ದು?

ಅವಳು ಕತ್ತಿ ಕೆಳಗಿಳಿಸಿ ನಿಯಮ ಮುರಿದಳು.

“ಭಾವ, ಎಡಗೈಗೆ ಎರಡು ಬಿತ್ತು.”

“ಇಲ್ಲಮ್ಮ.”

‘ಸಿಹಿ ಮುಟ್ಟಿಲ್ಲ ಕಣೇ’ ಎಂದು ಭಾವ ಅಕ್ಕನಿಗೆ ಹೇಳುವಾಗಿನ ಸುಳ್ಳು ದನಿ ಅವಳಿಗೆ ಗೊತ್ತಿತ್ತು. ಇದು ಅದಲ್ಲ.

ಅವಳು ಅವರ ಮುಖವಾಡ ತೆಗೆದಳು, ಗವಸು ಕಳಚಿ ತೋಳು ಮೇಲೆ ಸರಿಸಿದಳು. ಎರಡು ಕೆಂಪು ಬರೆ ಎದ್ದಿದ್ದವು.

“ಕಣ್ಣು ಮುಚ್ಚಿ. ಈಗ ಏನ್ ಮಾಡ್ತಿದೀನಿ?”

“ಏನೂ ಇಲ್ವಲ್ಲ.”

ಕಣ್ಣು ತೆರೆದಾಗ ಅವಳ ಉಗುರು ಅವರ ಮುಂಗೈಯಲ್ಲಿ ಊರಿತ್ತು. ಪ್ಲಂಬರ್ ತಲೆ ತಗ್ಗಿಸಿದ.

“ಜೋಮು ಹಿಡಿದ ಹಾಗಿತ್ತು,” ಎಂದರು ಭಾವ ಮೆಲ್ಲಗೆ. “ವಯಸ್ಸಾಯ್ತು ಅಂದ್ಕೊಂಡೆ.”

“ನಾಳೆ ಡಾಕ್ಟ್ರ ಹತ್ರ ಹೋಗೋಣ. ಅಕ್ಕಂಗೆ ನಾನೇ ಹೇಳ್ತೀನಿ.”

“ಅದರ ಬದಲು ಇನ್ನೆರಡು ಹೊಡಿ.”

ಯಾರೂ ನಗಲಿಲ್ಲ. ಅವರು ಬರೆಗಳನ್ನೇ ನೋಡುತ್ತ ಬಲಗೈ ಎತ್ತಿದರು.

“ಬಿತ್ತು. ಎರಡು.”

ಆಮೇಲೆ ಜೇಬಿನಿಂದ ಕೀ ತೆಗೆದು ಬೆಂಚಿನ ಮೇಲಿಟ್ಟರು.

“ಮೇಷ್ಟ್ರೇ, ಬೇಡ,” ಎಂದ ಪ್ಲಂಬರ್.

“ನುಂಗಿದ್ದು ನುಂಗಿದ್ದೇ ಕಣಪ್ಪ. ಏಟು ಗೊತ್ತಾಗದ ಕೈ ಹಿಡ್ಕೊಂಡು ನಿಮಗೆ ಏನು ಕಲಿಸ್ಲಿ?”

ಡ್ರೈವರಕ್ಕ ಕೀ ಎತ್ತಿಕೊಂಡಳು. ಆ ಸಂಜೆ ಗೋದಾಮಿಗೆ ಬೀಗ ಹಾಕಿದವಳು ಅವಳು. ಭಾವ ಪಕ್ಕದಲ್ಲಿ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಕಳೆದುಹೋದೀತೆಂಬಂತೆ ನಿಂತಿದ್ದರು.