ಲೋಕಲ್ ಸೆಲ್ಫ್ ಮೋಟರು

"ಒಂದು ಕಿಕ್ ಹೊಡ್ಕೊಡ್ತೀರಾ?"

ಎರಡು ತಿಂಗಳ ಕಾಲ ದಿನಕ್ಕೆ ಕಡಿಮೆಯೆಂದರೂ ಎರಡು ಸಲ ನಾನು ಈ ಮಾತು ಆಡಿದ್ದೇನೆ. ಕೇಳಿ ಪಡೆಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಮದುವೆ ಊಟದಲ್ಲಿ ಎಲೆಗೆ ಪಲ್ಯ ಬೀಳದಿದ್ದರೂ ಸುಮ್ಮನೆ ಉಂಡು ಎದ್ದು ಬರುವವಳು. ಅಂಥವಳು ಬೈಕಿನ ಪಕ್ಕ ನಿಂತು ಹೋಗಿಬರುವವರ ಕಾಲು ನೋಡುವಂತಾಗಿತ್ತು.

ನಾನು ಹರಿಹರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಮನೆ ದಾವಣಗೆರೆಯ ವಿನೋಬನಗರದಲ್ಲಿ. ಎಂಟು ವರ್ಷದಿಂದ ಹೋಗಿಬರುವುದು ಬೈಕಿನಲ್ಲೇ; ಸ್ಕೂಟರಲ್ಲ, ಗೇರು ಹಾಕುವ ಬೈಕು. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಬಲಮೊಣಕಾಲಿನ ಆಪರೇಷನ್ ಆಯಿತು. "ಗಾಡಿ ಓಡಿಸ್ರಿ, ಬ್ರೇಕ್ ಒತ್ರಿ, ಏನೂ ಆಗಲ್ಲ. ಕಿಕ್ ಮಾತ್ರ ಹೊಡೀಬ್ಯಾಡ್ರಿ" ಎಂದರು ಡಾಕ್ಟರು. ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಗಾಡಿಗೆ ಕಿಕ್ ಯಾರು ಹೊಡೆಯುತ್ತಾರೆ ಎಂದು ನಕ್ಕಿದ್ದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಸೆಲ್ಫ್ ಮೋಟರು ಕೈಕೊಟ್ಟಿತು. ಮೊದಮೊದಲು ಗುಂಡಿ ಒತ್ತಿದರೆ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಆಮೇಲೆ ನರಳುವುದನ್ನೂ ಬಿಟ್ಟಿತು.

ಬೆಳಿಗ್ಗೆ ಯಜಮಾನರು ಕಿಕ್ ಹೊಡೆದುಕೊಡುತ್ತಿದ್ದರು, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ. ಸಂಜೆ ನಮ್ಮ ಶಾಲೆಯ ಜವಾನರ ಪಾಳಿ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಮನುಷ್ಯ. ಗಂಟೆ ಬಾರಿಸಿ, ಕೋಣೆಗಳಿಗೆ ಬೀಗ ಹಾಕಿ, ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಸ್ವಲ್ಪ ಆಚೆ ಸರೀರಿ ಮೇಡಂ" ಎಂದು ಪ್ಯಾಂಟು ಮೇಲೆಳೆದುಕೊಂಡು ಒದೆಯುತ್ತಿದ್ದರು. ಒಳ್ಳೆಯವರು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ಗೇಟಿನ ಬಳಿ ನಿಂತ ನಮ್ಮ ಶಿಕ್ಷಕ ಬಳಗ ದಿನವೂ ನೋಡುತ್ತಿತ್ತು. ಒಮ್ಮೆ ಸಿಗ್ನಲ್‌ನಲ್ಲಿ ಬೈಕು ಆಫ್ ಆಗಿ, ಹಿಂದಿನಿಂದ ಹಾರ್ನುಗಳ ಸುರಿಮಳೆಯಾಗಿ, ಯಾರೋ ಆಟೋದವರು ಇಳಿದು ಬಂದು ಕಿಕ್ ಹೊಡೆದುಕೊಟ್ಟರು. ಅಂದು ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ.

ಆ ಸುದ್ದಿ ಕೇಳಿದ ಯಜಮಾನರು, "ಸಾಕು ಮಾರಾಯ್ತಿ, ಮಾರಿಬಿಡೋಣ. ಬಸ್ಸಿಗೆ ಹೋಗು" ಎಂದರು. ಅಷ್ಟಕ್ಕೇ ನಿಲ್ಲಿಸದೆ ದೇವರಾಜ ಅರಸು ಬಡಾವಣೆಯ ತಮ್ಮ ಗೆಳೆಯರೊಬ್ಬರಿಗೆ ಮಾತೂ ಕೊಟ್ಟರು. ಅವರು ಭಾನುವಾರ ಸಂಜೆ ಬಂದು ಬೈಕು ಒಯ್ಯುವುದೆಂದು ನಿಶ್ಚಯವಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಹೋಗುವುದು ಅವಮಾನವೆಂದಲ್ಲ. ದಾವಣಗೆರೆ ಬಿಟ್ಟು ಹರಿಹರ ಮುಟ್ಟುವ ಆ ಅರ್ಧ ಗಂಟೆಯಲ್ಲಿ ನಾನು ಯಾರ ಅಮ್ಮನೂ ಅಲ್ಲ, ಯಾರ ಮೇಡಮ್ಮೂ ಅಲ್ಲ. ಇಡೀ ದಿನದಲ್ಲಿ ನನಗೆಂದು ಉಳಿದಿರುವುದು ಅದೊಂದೇ.

"ಭಾನುವಾರ ಸಂಜೆಯೊಳಗೆ ಗುಂಡಿ ಒತ್ತಿ ಸ್ಟಾರ್ಟ್ ಮಾಡಿ ತೋರಿಸ್ತೀನಿ. ಮಾಡಿದ್ರೆ ಬೈಕ್ ಇಲ್ಲೇ ಇರ್ತೈತೆ" ಎಂದೆ.

"ಆಗದಿದ್ರೆ?"

"ಆಗದಿದ್ರೆ ನಾನೇ ಕೀ ಕೊಡ್ತೀನಿ."

ಶೋರೂಮಿನಲ್ಲಿ ವಿಚಾರಿಸಿದರೆ ಹೊಸ ಮೋಟರು ಬರಲು ಹದಿನೈದು ದಿನ ಎಂದರು. ಅವರು ಹೇಳಿದ ಬೆಲೆಗೆ ಮನೆಗೊಂದು ಮಿಕ್ಸಿ ತಂದು, ಮಿಕ್ಕಿದ್ದರಲ್ಲಿ ಸೀರೆಯನ್ನೂ ಕೊಳ್ಳಬಹುದಿತ್ತು. ಶುಕ್ರವಾರ ನಮ್ಮ ಬೀದಿಯ ಮೆಕ್ಯಾನಿಕ್ ಹಳೆಯ ಮೋಟರನ್ನು ಬಿಚ್ಚಿ ನನ್ನ ಕೈಗಿಟ್ಟ. "ಕಂಪನೀದು ತಂದ್ರೆ ಹಾಕ್ತೀನಿ. ಲೋಕಲ್ ಮಾಲ್ ತಂದ್ರೆ ನಾ ಮುಟ್ಟಲ್ಲ, ಆಮೇಲೆ ನನ್ನ ಬೈಬ್ಯಾಡ್ರಿ" ಎಂದ. ಅವನು ಬಿಚ್ಚುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೆ. ಎರಡು ಬೋಲ್ಟು, ಒಂದು ತಂತಿ. ಇಷ್ಟಕ್ಕೆ ಇಷ್ಟು ಬಿಗುಮಾನವೇ ಅನ್ನಿಸಿತು.

ಶನಿವಾರ ಬೆಳಗಿನ ಶಾಲೆ. ಹಳೆಯ ಮೋಟರನ್ನು ಪತ್ರಿಕೆಯಲ್ಲಿ ಸುತ್ತಿ ಊಟದ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ಶಾಲೆ ಮುಗಿದ ಮೇಲೆ, ಮೋಟರು ವೈಂಡಿಂಗ್ ಮಾಡುವ ಒಬ್ಬ ಹಿರಿಯರ ಅಂಗಡಿಗೆ ನಡೆದೆ. ಬಿಳಿ ಗಡ್ಡದ ಅವರನ್ನು ಊರೆಲ್ಲ ಚಾಚಾ ಎನ್ನುತ್ತದೆ, ನಾನೂ ಹಾಗೇ ಕರೆದೆ. ಅವರು ಮೋಟರು ಬಿಚ್ಚಿ, ಒಳಗಿನಿಂದ ಒಡೆದ ಅಯಸ್ಕಾಂತದ ಚೂರುಗಳನ್ನು ನನ್ನ ಅಂಗೈಗೆ ಸುರಿದರು.

"ಇದರ ಕಥಿ ಮುಗೀತ್ರಿ ಮೇಡಂ. ರಿಪೇರಿ ಮಾಡಿದ್ರೆ ನಿಮಗೂ ನಷ್ಟ, ನನಗೂ ತಲೆನೋವು."

"ಲೋಕಲ್ ಐತಾ ಚಾಚಾ?"

"ಐತೆ. ಆದ್ರೆ ಗ್ಯಾರಂಟಿ ಕೇಳಬ್ಯಾಡ್ರಿ. ಅಂಗಡಿ ಕಟ್ಟೆ ಇಳಿಯೋ ತನಕ ನಂದು, ಇಳಿದ ಮ್ಯಾಲೆ ನಿಮ್ದು."

ಕಪ್ಪು ಬಣ್ಣದ, ಹೆಸರಿಲ್ಲದ ಒಂದು ಮೋಟರನ್ನು ಡಬ್ಬಿಯಿಂದ ತೆಗೆದರು. ಬೆಲೆ ಶೋರೂಮಿನವರು ಹೇಳಿದ್ದರ ಕಾಲು ಭಾಗವೂ ಇರಲಿಲ್ಲ. ಹಳೆಯದರ ಗೇರಿನ ಹಲ್ಲು ಎಣಿಸಿದರು, ಹೊಸದರದ್ದೂ ಎಣಿಸಿದರು: ಎರಡರಲ್ಲೂ ಒಂಬತ್ತು. ಆಮೇಲೆ ಬೋಲ್ಟು ಕೂರುವ ಕಿವಿಯ ಮೇಲೆ ಅರದಿಂದ ಎರಡು ಸಲ ಉಜ್ಜಿದರು. ಕಪ್ಪು ಬಣ್ಣ ಹೋಗಿ ಬೆಳ್ಳಗೆ ಮಿಂಚಿತು. ಮೋಟರನ್ನು ಕಾಲಿನಡಿ ಒತ್ತಿಹಿಡಿದು, ಬ್ಯಾಟರಿಯ ಒಂದು ತಂತಿಯನ್ನು ಅದರ ತಿರುಪಿಗೆ, ಇನ್ನೊಂದನ್ನು ಆ ಬಿಳಿ ಜಾಗಕ್ಕೆ ಮುಟ್ಟಿಸಿದರು. ಮೋಟರು ಅವರ ಕಾಲಡಿಯಲ್ಲೇ ಜಿಗಿಯಿತು.

"ನೋಡ್ರಿ, ಹೆಂಗೆ ಕುಣೀತೈತೆ!" ಎಂದು ನಕ್ಕರು.

ಇಷ್ಟೆಲ್ಲ ಕಣ್ಣಾರೆ ಕಂಡವಳು ಮನೆಗೆ ಬಂದು ಮಾಡಿದ್ದೇನು? ನಮ್ಮ ಮನೆಯಲ್ಲಿ ಆಯುಧಪೂಜೆ ಬಂತೆಂದರೆ ಯಜಮಾನರು ಬೆಳ್ಳಿ ಬಣ್ಣದ ಡಬ್ಬಿ ಹಿಡಿದು ಹೊರಡುತ್ತಾರೆ. ಬೈಕಿನ ಎಂಜಿನ್, ಗೇಟಿನ ತಿರುಗಣಿ, ಇಳಿಗೆ ಮಣೆಯ ಕಾಲು, ಯಾವುದನ್ನೂ ಬಿಡುವುದಿಲ್ಲ. ಆ ಡಬ್ಬಿಯ ತಳದಲ್ಲಿ ಬಣ್ಣ ಉಳಿದಿತ್ತು. ಬೆಳ್ಳಗಿನ ಎಂಜಿನ್ನಿಗೆ ಕರಿಯ ಲೋಕಲ್ ಮೋಟರು ಅಂಟಿಕೊಂಡಿದ್ದರೆ ಇವರು ಆಡಿಕೊಳ್ಳದೆ ಬಿಡುವುದಿಲ್ಲ ಎನ್ನಿಸಿತು. ಶನಿವಾರ ಸಂಜೆ ತಾರಸಿಯಲ್ಲಿ ಕೂತು ಮೋಟರಿಗೆ ಎರಡು ಕೋಟು ಬಣ್ಣ ಬಳಿದೆ. ಚಾಚಾ ಅರದಿಂದ ಉಜ್ಜಿದ ಜಾಗ ಗಾಯದ ಹಾಗೆ ಕಾಣುತ್ತಿತ್ತು, ಅಲ್ಲಿಗೆ ಮೂರು ಕೋಟು. ಬೋಲ್ಟುಗಳನ್ನು ಡಬ್ಬಿಯಲ್ಲೇ ಅದ್ದಿ ತೆಗೆದೆ. ಎಂಜಿನ್ ಮೇಲೆ ಮೋಟರು ಕೂರುವ ಜಾಗಕ್ಕೂ ಕುಂಚ ಆಡಿಸಿದೆ. ಒಣಗಿದ ಮೇಲೆ ನೋಡಿದರೆ ಪೂಜೆಗಿಡುವ ಕಳಶದ ಹಾಗೆ ಹೊಳೆಯುತ್ತಿತ್ತು. ಹೆಮ್ಮೆಪಟ್ಟೆ.

ಭಾನುವಾರ ಊಟ ಮುಗಿಸಿ ಕೂತೆ. ಬ್ಯಾಟರಿಯ ತಂತಿ ಬಿಚ್ಚಿಟ್ಟು, ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ, ಮೋಟರನ್ನು ಅದರ ಗೂಡಿಗೆ ತಳ್ಳಿದೆ. ಬೋಲ್ಟು ಬಿಗಿದು, ತಂತಿ ಸಿಕ್ಕಿಸಿ, ಬ್ಯಾಟರಿ ಜೋಡಿಸಿದೆ. ನಾಲ್ಕೂವರೆಯ ಹೊತ್ತಿಗೆ ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದ ಯಜಮಾನರಿಗೆ ಕೇಳಲೆಂದೇ ಒಮ್ಮೆ ಕೆಮ್ಮಿ ಗುಂಡಿ ಒತ್ತಿದೆ.

ಟಿಕ್.

ಇನ್ನೊಮ್ಮೆ ಒತ್ತಿದೆ. ಟಿಕ್. ಅಷ್ಟೇ.

"ಯಾಕ, ಏನಾತು?" ಎಂದರು, ಪತ್ರಿಕೆ ಇಳಿಸದೆ. ಪತ್ರಿಕೆಯ ಹಿಂದೆ ನಗುತ್ತಿದ್ದಾರೆಂದು ಗೊತ್ತಾಯಿತು. "ಲೋಕಲ್ ಅಂದ್ರೆ ಲೋಕಲ್ಲೇ ಕಣೇ. ಹೋಗಲಿ ಬಿಡು, ಚಾ ಇಡು, ಅವನು ಬರೋ ಹೊತ್ತಾತು."

ಚಾಚಾನ ಮೇಲೆ, ಮೆಕ್ಯಾನಿಕ್ಕಿನ ಮೇಲೆ, ಬಚ್ಚಲ ಕಲ್ಲಿನ ಮೇಲೆ ಕೂಡ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನಾಳೆಯಿಂದ ಬಸ್ಸು. ಒಳಗೆ ಹೋಗಿ ಚಹಾಕ್ಕಿಟ್ಟೆ. ಗೆಳೆಯರೂ ಬಂದರು, ಕಂಕುಳಲ್ಲಿ ಹೆಲ್ಮೆಟ್ಟು ಇಟ್ಟುಕೊಂಡು. ಚಹಾ ಸೋಸುತ್ತ ನಿಂತಾಗಲೂ ಮನಸ್ಸು ಒಂದೇ ಮಾತು ಹೇಳುತ್ತಿತ್ತು: ನಿನ್ನೆ ತಿರುಗಿತ್ತಲ್ಲ, ನನ್ನ ಕಣ್ಣೆದುರೇ ಜಿಗಿದಿತ್ತಲ್ಲ. ಚಾಚಾ ತಂತಿ ಮುಟ್ಟಿಸಿದ್ದು ಎಲ್ಲಿಗೆ? ತಿರುಪಿಗೊಂದು. ಇನ್ನೊಂದು ಆ ಬೆಳ್ಳಗಿನ ಜಾಗಕ್ಕೆ. ಬಣ್ಣ ಕೆರೆದು ತೆಗೆದ ಜಾಗಕ್ಕೆ.

ಸೋಸುವ ಜಾಲರಿ ಕೈಯಿಂದ ಜಾರಿ ಬಿತ್ತು.

ವರ್ಷಾವರ್ಷ ಹತ್ತನೇ ತರಗತಿಯ ಹಲಗೆ ಮೇಲೆ ವಿದ್ಯುತ್ ಮಂಡಲ ಬಿಡಿಸಿ, ವಿದ್ಯುತ್ತು ಹೋದರಷ್ಟೇ ಸಾಲದು, ಹಿಂದಿರುಗಲು ದಾರಿ ಬೇಕು ಎಂದು ಗಂಟಲು ಹರಿದುಕೊಳ್ಳುವವಳು ನಾನೇ. ಮೋಟರಿಗೆ ಹೋಗುವುದು ಒಂದೇ ತಂತಿ. ಹಿಂದಿರುಗುವ ದಾರಿ ಮೋಟರಿನ ಮೈಯೇ. ಆ ಮೈಯಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಬ್ಯಾಟರಿಗೆ. ಆ ದಾರಿಗೆ ನಾನು ಎರಡು ಕೋಟು, ಮೂರು ಕೋಟು ಬಣ್ಣ ಬಳಿದು ಬಾಗಿಲು ಹಾಕಿದ್ದೆ. ಮಕ್ಕಳು ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಚಹಾದ ಲೋಟಗಳನ್ನು ಅವರಿಬ್ಬರ ಮುಂದಿಟ್ಟು, "ಹತ್ತು ನಿಮಿಷ ಕೂಡ್ರಿ ಅಣ್ಣಾರೇ" ಎಂದು ಗೆಳೆಯರಿಗೆ ಹೇಳಿ ಹೊರಗೆ ಓಡಿದೆ. ಮೊಣಕಾಲಿನ ನೆನಪೂ ಆಗಲಿಲ್ಲ. ಬ್ಯಾಟರಿಯ ತಂತಿ ತೆಗೆದು ಮೋಟರು ಬಿಚ್ಚಿದೆ. ಎಮ್ರಿ ಕಾಗದ ತಂದು ಕಿವಿಗಳನ್ನು ಉಜ್ಜಿದೆ, ಬೋಲ್ಟುಗಳನ್ನು ಉಜ್ಜಿದೆ, ಎಂಜಿನ್ ಮೇಲಿನ ಜಾಗವನ್ನು ಬೆರಳು ಉರಿಯುವ ತನಕ ಉಜ್ಜಿದೆ. ಹತ್ತಲ್ಲ, ಮುಕ್ಕಾಲು ಗಂಟೆ ಹಿಡಿಯಿತು. ಗೆಳೆಯರು ಎರಡನೇ ಸಲ ಗಡಿಯಾರ ನೋಡಿಕೊಂಡು ಕಟ್ಟೆಗೆ ಬಂದು ನಿಂತರು. ಯಜಮಾನರ ಕೈಯಲ್ಲಿ ಬೈಕಿನ ಕಾಗದಪತ್ರಗಳ ಕವರಿತ್ತು.

ನಾನು ಯಾರನ್ನೂ ನೋಡಲಿಲ್ಲ. ಬ್ಯಾಟರಿ ಜೋಡಿಸಿ, ಕೀ ತಿರುಗಿಸಿ, ಹೆಬ್ಬೆರಳು ಒತ್ತಿದೆ.

ಹೊಸ ಮೋಟರು ಕಿರ್ರೆಂದು ಎಂಜಿನ್ನನ್ನು ತಿರುಗಿಸಿತು. ಎಂಜಿನ್ ಹೊತ್ತಿಕೊಂಡಿತು. ಆಫ್ ಮಾಡಿ ಮತ್ತೆ ಒತ್ತಿದೆ, ಮತ್ತೆ ಹೊತ್ತಿಕೊಂಡಿತು. ಐದು ಸಲ ಮಾಡಿದೆ. ಐದು ಸಲವೂ ಆಯಿತು. ನನಗೆ ಕೂಗಬೇಕೆನ್ನಿಸಿತು, ಕೂಗಿಯೇ ಬಿಟ್ಟೆ. ಎದುರು ಮನೆಯವರು ಕಿಟಕಿಗೆ ಬಂದರು.

ಯಜಮಾನರು ಕವರನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಇಳಿದು ಬಂದು, ತಾವೂ ಒಮ್ಮೆ ಗುಂಡಿ ಒತ್ತಿ ನೋಡಿದರು. ಆಮೇಲೆ ಗೆಳೆಯರತ್ತ ತಿರುಗಿ, "ಪೂರಾ ಇವಳೇ ಬಿಚ್ಚಿ ಹಾಕಿದ್ದಪ್ಪ, ಮೆಕ್ಯಾನಿಕ್ಕೇ ಮುಟ್ಟಲ್ಲ ಅಂದಿದ್ದ. ಗಾಡಿ ಕೊಡಲ್ಲ, ಬೇಜಾರಾಗಬ್ಯಾಡ" ಎಂದರು. ಮೋಟರನ್ನು ತಾವೇ ಹೆತ್ತವರ ಹಾಗಿತ್ತು ಮುಖ.

ಸೋಮವಾರ ಸಂಜೆ ಗಂಟೆ ಹೊಡೆಯಿತು. ಗೇಟಿನ ಬಳಿ ಬಳಗವೆಲ್ಲ ನೆರೆದಿತ್ತು. ಜವಾನರು ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಪ್ಯಾಂಟು ಮೇಲೆಳೆದುಕೊಂಡು, "ಸ್ವಲ್ಪ ಆಚೆ ಸರೀರಿ ಮೇಡಂ" ಎಂದರು. ನಾನು ಸರಿಯಲಿಲ್ಲ. ಸೀಟಿನ ಮೇಲೆ ಕೂತು ಗುಂಡಿ ಒತ್ತಿದೆ. ಎತ್ತಿದ ಕಾಲನ್ನು ಅವರು ಹಾಗೇ ಹಿಡಿದು ನಿಂತರು.

"ಅಯ್ಯ, ನನ್ನ ಕೆಲಸ ಹೋತಲ್ಲರೀ!"

"ಹತ್ರಿ ಹಿಂದೆ," ಎಂದೆ. "ಎರಡು ತಿಂಗಳು ನೀವು ಒದ್ದಿದ್ದೀರಿ. ಇವತ್ತು ಮನೆ ತನಕ ನಾ ಬಿಡ್ತೀನಿ."

ಅವರು ಕಾಲಿಳಿಸಿ, ಕೈಗೊಂಚಲು ಸರಿಮಾಡಿಕೊಂಡು, ನನ್ನ ಬೆನ್ನ ಹಿಂದೆ ಹತ್ತಿ ಕೂತರು.